ಶಿವಸಂಗಪ್ಪನ ಎಡಭುಜದ ಸಂರಕ್ಷಣೆ

ಕೋತಿಕಣಿವೆಯ ಪುರಾತನ ಸೈಕಲ್ ಮಾರ್ಗವು ನೇಕಾರ ಶಿವಸಂಗಪ್ಪನ ಎಡಭುಜದ ಮೇಲಿದೆ ಎಂದು ಬಾಗಲಕೋಟೆಯ ಗುಡ್ಡಗಾಡು ಸೈಕಲ್ ಮಾರ್ಗ ಪರಂಪರೆ ಪ್ರಾಧಿಕಾರವು ಯುಗಾದಿಯ ಮರುದಿನ ಘೋಷಿಸಿತು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಅಳತೆ ಮಾಡಿಯೇ ಘೋಷಿಸಿದ್ದು.

ನಲವತ್ತು ವರ್ಷದಿಂದ ಶಿವಸಂಗಪ್ಪ ಸೈಕಲ್ಲಿಗೆ ಸೀರೆ ಗಂಟು ಕಟ್ಟಿಕೊಂಡು ಕಣಿವೆ ದಾಟಿ ಬನಶಂಕರಿಯ ಅಂಗಡಿಗಳಿಗೆ ಹೋಗುತ್ತಿದ್ದ. ಪ್ರಾಧಿಕಾರದವರು ಟೇಪು ಹಿಡಿದು ಹಿಂದೆ ನಡೆದಾಗ, ಮೂರು ಕಿಲೋಮೀಟರಿನಲ್ಲಿ ಗಾಲಿ ನೆಲಕ್ಕೆ ತಾಗಿದ್ದು ಇನ್ನೂರು ಮೀಟರು ಮಾತ್ರ. ಉಳಿದದ್ದೆಲ್ಲ ಬಂಡೆ, ಅಲ್ಲಿ ಸೈಕಲ್ಲು ಅವನ ಎಡಭುಜವೇರಿ ಸಾಗಿತು. ‘ಸೈಕಲ್ಲು ಯಾವುದರ ಮೇಲೆ ಸಾಗುತ್ತದೋ ಅದೇ ಮಾರ್ಗ’ ಎನ್ನುತ್ತದೆ ನಿಯಮ ನಾಲ್ಕು. ಭುಜದಲ್ಲಿ ಸೈಕಲ್ಲಿನ ಅಡ್ಡ ಪೈಪು ಕೊರೆದ ತಗ್ಗೂ ಇತ್ತು. ಅದನ್ನು ನೋಡಿ ಅಧಿಕಾರಿ ಹಣಮೇಶರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಂತರ ಭುಜಕ್ಕೆ ನೀಲಿ ಮೊಹರು ಒತ್ತಲಾಯಿತು.

ತೊಡಕು ಒಂದೇ. ಆ ಭುಜ ಭಾಳ ನೋಯುತ್ತಿತ್ತು. ಎಳೆ ಬಿಗಿಮಾಡುವ ಮಗ್ಗದ ಹಲಗೆ ಎಳೆಯಲು ಎಡಗೈ ಏಳದೆ ಇಳಕಲ್ಲಿನ ವ್ಯಾಪಾರಿಯ ಮದುವೆ ಸೀರೆ ಅರ್ಧಕ್ಕೇ ನಿಂತಿತ್ತು. ಸೀರೆ ಬಸವಜಯಂತಿಗೆ ಕೈಸೇರದಿದ್ದರೆ ಇನ್ನು ಮುಂದೆ ನೂಲೇ ಕೊಡುವುದಿಲ್ಲವೆಂದು ಆತ ಹೇಳಿಕಳಿಸಿದ್ದ.

ದವಾಖಾನೆಯ ಡಾಕ್ಟರ್ ಅಶ್ಫಾಕ ಸೂಜಿ ಎತ್ತಿದವರು ಮೊಹರು ಕಂಡು ಕೆಳಗಿಟ್ಟರು.

“ಇದು ಉತ್ಖನನ ಆಗತೈತಿ. ಪರವಾನಗಿ ತಗೊಂಡ ಬಾ.”

“ಎಣ್ಣಿ ಹಚ್ಚಿ ತಿಕ್ಕಬಹುದೇನ್ರಿ?”

“ಅದು ಮೇಲ್ಮೈ ಬದಲಾವಣೆ.”

ಶಿವಸಂಗಪ್ಪ ಪ್ರಾಧಿಕಾರಕ್ಕೆ ಹೋದ. ಹಣಮೇಶರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಮಾರ್ಗದ ಬಳಕೆದಾರ ಯಾರು? ಸೈಕಲ್ಲು. ನೀವು ಬರೇ ಜಾಗಾ. ಜಾಗಾ ಅರ್ಜಿ ಕೊಡೂ ಪದ್ಧತಿ ನಮ್ಮಲ್ಲಿಲ್ಲ.”

“ನೋಯಾಕತ್ತಿದ್ದು ಜಾಗಾನ ಐತ್ರೀ, ಸಾಹೇಬ್ರ!”

ಮಾತು ಅವರಿಗೂ ಹಿಡಿಸಿತು. ಅರ್ಜಿ ಸ್ವೀಕೃತವಾಯಿತು.

ಪರಿಶೀಲನೆ ಮುಗಿಯುವವರೆಗೆ ಭುಜ ಪ್ರಾಧಿಕಾರದ ಸುಪರ್ದಿನಲ್ಲಿರಬೇಕಾಗಿದ್ದರಿಂದ ಅದನ್ನು ಜೀಪಿನಲ್ಲಿ ಊರೂರು ತಿರುಗಿಸಿದರು, ಶಿವಸಂಗಪ್ಪನೂ ಜೊತೆಗಿದ್ದ. ಸಂರಕ್ಷಿತ ಮಾರ್ಗದ ನೂರು ಮೀಟರಿನೊಳಗೆ ಏನನ್ನೂ ಕಟ್ಟುವಂತಿಲ್ಲ. ಹುನಗುಂದದಲ್ಲಿ ಮೇಲೇಳುತ್ತಿದ್ದ ಲಾಡ್ಜಿನ ಮುಂದೆ ಅವನನ್ನು ನಿಲ್ಲಿಸಿದೊಡನೆ ಗೌಂಡಿಗಳು ಕೆಲಸ ಬಿಟ್ಟು ಕೆಳಗಿಳಿದರು. ಲಾಡ್ಜಿನ ಮಾಲೀಕ ಬಂದು ಹಣಮೇಶರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡ. ಕಾಲು ತಾಸಿಗೆ ಸಾಹೇಬರು ಹಸನ್ಮುಖರಾಗಿ ಹೊರಬಂದು, ಪುರಾತನ ಮಾರ್ಗವನ್ನು ನೂರಾ ಒಂದು ಮೀಟರು ದೂರದ ಬೇವಿನ ಗಿಡದ ಕೆಳಗೆ ಸ್ಥಳಾಂತರಿಸಿದರು. ಬಾದಾಮಿಯಲ್ಲೂ ಹಾಗೆಯೇ ಆಯಿತು.

“ಇನ್ನ ಎಷ್ಟ ಊರ್ರೀ? ಮಗ್ಗ ನಿಂತೈತ್ರಿ.”

“ಜಿಲ್ಲಾ ದೊಡ್ಡದೈತಿ, ಶಿವಸಂಗಪ್ಪ.”

ಬಸವಜಯಂತಿಗೆ ಎಂಟು ದಿನವಿರುವಾಗ ಆದೇಶ ಬಂತು. ‘ಎಡಭುಜವು ಅಖಂಡ ಪರಂಪರೆಯಾಗಿದ್ದು ಅದನ್ನು ಚುಚ್ಚಲು ಬರುವುದಿಲ್ಲ. ಆದಾಗ್ಯೂ ಮಾನವೀಯ ದೃಷ್ಟಿಯಿಂದ ಬಲಭುಜಕ್ಕೆ ಚಿಕಿತ್ಸೆ ನೀಡಲು ಪ್ರಾಧಿಕಾರದ ಅಭ್ಯಂತರವಿರುವುದಿಲ್ಲ.’

ಡಾಕ್ಟರ್ ಅಶ್ಫಾಕ ಆದೇಶವನ್ನು ಎರಡು ಸಲ ಓದಿ, ಬಲಭುಜಕ್ಕೆ ಸೂಜಿ ಚುಚ್ಚಿದರು. ‘ಚಿಕಿತ್ಸೆ ನೀಡಲಾಗಿದೆ’ ಎಂಬ ಕಾಗದಕ್ಕೆ ಶಿವಸಂಗಪ್ಪ ರುಜು ಹಾಕಿದ. ಕಡತ ಮುಚ್ಚಿತು.

ಮನೆಯ ಓಣಿಗೆ ಬಂದರೆ ನೆರೆಮನೆಯ ರಾಚಯ್ಯ ಅಡ್ಡ ನಿಂತ. “ಸಂಗಪ್ಪಣ್ಣ, ಕೈ ಮುಗಿತೀನಿ, ಹಿತ್ತಲ ಕಡಿಂದ ಸುತ್ತಹಾಕಿ ಬಾ. ನಮ್ಮ ಹೊಸಾ ಗ್ವಾಡಿ ಏರಾಕತ್ತೈತಿ.”

ಶಿವಸಂಗಪ್ಪನೂ ಹಿತ್ತಲಿನಿಂದಲೇ ಬಂದ. ಹೆಂಡತಿ ರತ್ನವ್ವ ಎಣ್ಣೆ ಬಟ್ಟಲು ಹಿಡಿದು ಎದುರಾದಳು.

“ನೋವು ಹೆಂಗೈತ್ರಿ?”

“ಬಲಗಡಿ ಒಂಚೂರೂ ಇಲ್ಲ.”

“ಮೊದಲ ಇತ್ತೇನು?”

“ಇರಲಿಲ್ಲ.”

ಅವಳು ಎಡಭುಜಕ್ಕೆ ಕೈ ಚಾಚಿದಳು. ನೀಲಿ ಮೊಹರು ಕಂಡಿತು. “ಅಯ್ಯ, ಮರ್ತಿದ್ದೆ,” ಎಂದು ಕೈ ಹಿಂದೆಳೆದು, ಬಲಭುಜಕ್ಕೇ ಎಣ್ಣೆ ಹಚ್ಚಿದಳು. ಆಮೇಲೆ ಒಬ್ಬರೇ ಕೂತು ನೇಯುವ ಮಗ್ಗದ ಗುಂಡಿಗೆ ಇಬ್ಬರೂ ಒತ್ತೊತ್ತಾಗಿ ಇಳಿದರು. ಅವನು ಬಲಗೈಯಿಂದ ಲಾಳಿಯ ಹಗ್ಗ ಜಗ್ಗಿದ, ಅವಳು ಎಡಗೈಯಿಂದ ಹಲಗೆ ಬಡಿದಳು.

“ಸಾವಕಾಶ ಬಡೀಲೇ,” ಎಂದ ಶಿವಸಂಗಪ್ಪ. “ನಿನ್ನ ಭುಜಾ ತಗ್ಗ ಬಿದ್ದೀತು. ಅವ್ರು ಅಳತಿಗೆ ಬರ್ತಾರ.”