ಕಂಪ್ಯೂಟರ್ ಯಾರ ಕಡೆ?

ಇಡೀ ವಿಜಯಪುರದಲ್ಲಿ ನನ್ನಷ್ಟು ಕಂಪ್ಯೂಟರ್ ಬಲ್ಲ ಅಜ್ಜ ಇನ್ನೊಬ್ಬನಿಲ್ಲ. ಇದು ಜಂಬವಲ್ಲ, ಜನಗಣತಿ. (ಗಣತಿ ಮಾಡಿದವನೂ ನಾನೇ.) ನಾನು ಎದುರು ಬಂದು ಕೂತರೆ ಸಾಕು, ಕೆಟ್ಟ ಕಂಪ್ಯೂಟರ್ ಹೆದರಿ ತಾನಾಗಿಯೇ ರಿಪೇರಿಯಾಗುತ್ತದೆ.

ಅಂಥ ನನಗೆ, ನನ್ನ ಮನೆಯ ಕಂಪ್ಯೂಟರೇ ತಿರುಗಿಬಿತ್ತು. ಮೊಮ್ಮಗನ ಜವಳದ ಕಾರ್ಡು ಮಾಡುತ್ತಿದ್ದೆ. ಅಂಚಿನ ಬಳ್ಳಿ, ಬಣ್ಣ, ಗಣಪ್ಪನ ಚಿತ್ರ ನನ್ನ ಪಾಲಿನವು. ಒಕ್ಕಣೆ ನನ್ನ ಹೆಂಡತಿ ಚಂದ್ರಕಲಾಳದು. ಅದನ್ನು ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುತ್ತಾಳೆ. ಸಂಜೆಯೊಳಗೆ ಕಾರ್ಡು ಗಾಂಧಿ ಚೌಕದ ಅಯೂಬನ ಪ್ರೆಸ್ಸಿಗೆ ಮುಟ್ಟದಿದ್ದರೆ ಅವನ ಮಶೀನಿಗೆ ಯಾರದೋ ಮದುವೆ ಏರುತ್ತಿತ್ತು. ನಮ್ಮ ಹುಡುಗನ ಕೂದಲು ಒಬ್ಬ ಬೀಗನೂ ನೋಡದಂತೆ ಉದುರುತ್ತಿತ್ತು.

ಗಣಪ್ಪನನ್ನು ತರಲು ಕಾರ್ಡಿನ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆಯುವ ಗುಂಡಿ ಒತ್ತಿದೆ. ಕಿಟಕಿಯೊಂದು ಬಂತು. ಒಳಗೆ ಏನೂ ಇಲ್ಲ, ಒಂದು ಉಂಗುರ ಮಾತ್ರ ಗರಗರ ತಿರುಗುತ್ತಿತ್ತು. ಚಹಾ ಕುಡಿದೆ. ಗಡ್ಡ ಹೆರೆದುಕೊಂಡೆ. ಗಡ್ಡ ಮತ್ತೆ ಬೆಳೆಯಿತು. ಆಮೇಲೆ ಗಣಪ್ಪ ದರ್ಶನ ಕೊಟ್ಟ.

ಬಂದ್ ಮಾಡಿ ಚಾಲೂ ಮಾಡಿದೆ. ಬೇಡವಾದ ಫೈಲುಗಳನ್ನೆಲ್ಲ ಅಳಿಸಿದೆ. ಡಬ್ಬಿ ಬಿಚ್ಚಿ ಧೂಳು ಊದಿದೆ. ನನಗೆ ಸೀನು ಬಂತು, ಅದಕ್ಕೆ ವೇಗ ಬರಲಿಲ್ಲ. ಆಗ ನನ್ನೊಳಗಿನ ಪತ್ತೇದಾರ ಮೀಸೆ ತಿರುವಿದ. ಚಂದ್ರಕಲಾ ಲ್ಯಾಪ್‌ಟಾಪ್ ತೆರೆದು ಕೂತಾಗ ನನ್ನ ಫೈಲುಗಳು ಓಡೋಡಿ ಬರುತ್ತಿದ್ದವು. ಅವಳು ಅದನ್ನು ಮುಚ್ಚಿಟ್ಟು ರೊಟ್ಟಿ ಬಡಿಯಲು ಎದ್ದಳೋ, ಮತ್ತೆ ಅದೇ ಉಂಗುರ. ಒಳಗೆ ರೊಟ್ಟಿ ಬಡಿಯುವ ಸಪ್ಪಳ, ಹೊರಗೆ ಕಂಪ್ಯೂಟರಿನ ಅಸಹಕಾರ ಚಳವಳಿ. ನೀವೇ ಹೇಳಿ, ಸಂಶಯ ಬಾರದೇ?

ಕಾರಣವೂ ಇತ್ತು. ನಮ್ಮ ಕಡೆ ಕಾರ್ಡಿನಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದಕ್ಕೇ ಬೀಗರು ಮೊಮ್ಮಕ್ಕಳ ಕಾಲದವರೆಗೆ ಮಾತು ಬಿಡುತ್ತಾರೆ. ನನ್ನ ಊರು ತಿಕೋಟಾ, ಅವಳ ತವರು ಸಾರವಾಡ. ಸಾರವಾಡದವರನ್ನು ಮೇಲೆ ಕೂರಿಸಿ, ನಾನು ತಿದ್ದಲು ಬರದಂತೆ ಇವಳು ಯಂತ್ರಕ್ಕೆ ಮಾಟ ಮಾಡಿಸಿದ್ದಾಳೆಂದು ತೀರ್ಮಾನಿಸಿ ಅಡುಗೆಮನೆಗೆ ದಂಡೆತ್ತಿ ಹೋದೆ.

"ಏನ ಮಾಡೀದಿ, ಖರೇ ಹೇಳು. ನೀ ಎದ್ದ ಕೂಡ್ಲೇ ಅದು ಯಾಕ ನಿಂದರ್ತೈತಿ?"

"ನಾ ಎದ್ರ ಈ ಮನ್ಯಾಗ ಯಾವ ಕೆಲಸ ನಡದೈತ್ರಿ?" ಎಂದು ಹಿಟ್ಟಿನ ಕೈ ಒರೆಸಿಕೊಂಡು ಬಂದಳು.

ಮೌಸ್ ಕಸಿದುಕೊಂಡು ಡ್ರೈವುಗಳ ಸಾಲು ತೆರೆದಳು. ಸಿ ಇತ್ತು, ಡಿ ಇತ್ತು. ಅವುಗಳ ಕೆಳಗೆ ಕೆಂಪು ಗೀಟು ಹಾಕಿಸಿಕೊಂಡ ಮತ್ತೊಂದು, ಅವಳ ಲ್ಯಾಪ್‌ಟಾಪಿನ ಹೆಸರಿನದು.

"ಇದೇನ್ರಿ? ನನ್ನ ಲ್ಯಾಪ್‌ಟಾಪ್ ನಿಮ್ಮದ್ರಾಗ ಯಾಕ ಬಂದು ಕುಂತೈತಿ?"

ನಾನು ಫ್ಯಾನಿನ ರೆಕ್ಕೆಗಳನ್ನು ಎಣಿಸತೊಡಗಿದೆ. (ಅವಳು ಸಂತೆಗೆ ಹೋದಾಗ, ಆ ಹೆಸರುಗಳ ಮೇಲೆ ಒಂದು ಕಣ್ಣಿರಲೆಂದು, ಅವಳ ಫೋಲ್ಡರನ್ನು ಮನೆಯ ವೈಫೈ ಮೂಲಕ ನನ್ನ ಕಂಪ್ಯೂಟರಿಗೆ ಜೋಡಿಸಿದ್ದೆ. ನಾನು ಇಣುಕಿದಾಗ ಅವಳಿನ್ನೂ ಹೆಸರುಗಳನ್ನು ಟೈಪು ಮಾಡಿರಲಿಲ್ಲ, ಅಷ್ಟೇ. ಬೇಹುಗಾರಿಕೆ ಎನ್ನಬೇಡಿ, ದೂರದೃಷ್ಟಿ ಎನ್ನಿ.)

ಅವಳಿಗೆ ಎಲ್ಲ ತಿಳಿದುಹೋಯಿತು. ನಾನು ಫೈಲ್ ಕೇಳಿದಾಗಲೆಲ್ಲ ಪಾಪದ ಕಂಪ್ಯೂಟರ್ ಮೊದಲು ಅವಳ ಲ್ಯಾಪ್‌ಟಾಪಿನ ಬಾಗಿಲು ಬಡಿಯುತ್ತಿತ್ತು. ಅದು ಮುಚ್ಚಿದ್ದರೆ, ಒಳಗೆ ಯಾರೂ ಇಲ್ಲವೆಂದು ಖಾತ್ರಿಯಾಗುವವರೆಗೆ ಹೊಸ್ತಿಲಲ್ಲೇ ಕಾದು ನಿಲ್ಲುತ್ತಿತ್ತು. ಆಮೇಲಷ್ಟೇ ಗಣಪ್ಪ.

ಅವಳು ಆ ಜೋಡಣೆ ಕಿತ್ತುಹಾಕಿದಳು. ಕಿಟಕಿ ಕಣ್ಣು ಮಿಟುಕಿಸುವುದರೊಳಗೆ ತುಂಬಿತು. ಅಷ್ಟರಲ್ಲಿ ಅಯೂಬನ ಫೋನೂ ಬಂತು, ಮಶೀನು ಕಾಯುತ್ತಿದೆಯೆಂದು. ನಾನು ಗಂಟಲು ಸರಿಪಡಿಸಿಕೊಂಡು, ಒಕ್ಕಣೆ ಕೊಡು, ಸೇರಿಸಿ ಕಳಿಸುತ್ತೇನೆ ಎಂದೆ.

"ಬ್ಯಾಡ್ರಿ. ನಿಮ್ಮ ಗಣಪ್ಪನ್ನ ಇತ್ಲಾಗ ಕಳಸ್ರಿ, ನಾನ ಕೂಡಸಿ ಅಯೂಬಗ ಕಳಸ್ತೀನಿ."

"ಅಲ್ಲ, ಮ್ಯಾಲೆ ಯಾರ ಹೆಸರು ಹಾಕೀದಿ, ಅಷ್ಟರ ಹೇಳು."

"ಬೀಗರಿಗೆಲ್ಲಾ ಕಾರ್ಡ್ ಹಂಚೂ ದಿನ ನಿಮಗೂ ಒಂದು ಕೊಡ್ತೀನ್ರಿ," ಎಂದು ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಎದ್ದಳು. "ಆವಾಗ ಓದ್ರಿ."