ಮೈಮುನಕ್ಕನ ಬುಟ್ಟಿಗೆ ಅಭ್ಯಂಜನ

ನನಗೆ ತೊಳೆಯುವ ಹುಚ್ಚಿದೆ. ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮ ಯಜಮಾನರು ಬಂದವರಿಗೆಲ್ಲ ಉಪ್ಪುಖಾರ ಹಚ್ಚಿ ಹೇಳುತ್ತಾರೆ. ಅಂಗಡಿಯಿಂದ ತಂದ ಸಾಬೂನನ್ನೂ ಒಮ್ಮೆ ತೊಳೆದೇ ಒಳಗಿಡುತ್ತೇನಂತೆ. ಶುದ್ಧ ಸುಳ್ಳು, ನಾನು ತೊಳೆದದ್ದು ಸಾಬೂನಿನ ಕವರನ್ನು. ಈ ಹುಚ್ಚು ಮೈಸೂರಿನ ನಮ್ಮಮ್ಮ ಕೊಟ್ಟ ಬಳುವಳಿ. ಜೊತೆಗೆ ಇನ್ನೊಂದನ್ನೂ ಕೊಟ್ಟಿದ್ದಾರೆ: ಯಾರ ಮನೆಯ ಪಾತ್ರೆ ಬಂದರೂ ಖಾಲಿ ವಾಪಸ್ ಕಳಿಸಕೂಡದು, ಒಂದು ಹಿಡಿ ಸಕ್ಕರೆಯಾದರೂ ಹಾಕಿಯೇ ಕೊಡಬೇಕು. ದುಬೈಗೆ ಬಂದು ಇಂಟರ್‌ನ್ಯಾಷನಲ್ ಸಿಟಿಯ ಒಂದು ಬೆಡ್‌ರೂಮಿನ ಮನೆ ಸೇರಿದ ಮೇಲೂ ಎರಡೂ ನನ್ನನ್ನು ಬಿಟ್ಟಿಲ್ಲ.

ಎದುರು ಮನೆಯ ಮೈಮುನಕ್ಕ ಪುತ್ತೂರಿನ ಕಡೆಯವರು. ಮನೆಯೊಳಗೆ ಬ್ಯಾರಿ ಭಾಷೆ, ಅಮ್ಮನಿಗೆ ಉಮ್ಮ ಅನ್ನುತ್ತಾರೆ; ನನ್ನ ಜೊತೆ ಮಂಗಳೂರು ಕನ್ನಡ. ಅವರು ಮಾಡುವ ಪತ್ತಿರ್ ಎಂಬ ಅಕ್ಕಿರೊಟ್ಟಿ ತಿಂದರೆ ನಮ್ಮ ಯಜಮಾನರಿಗೆ ಮಾತೇ ನಿಂತುಹೋಗುತ್ತದೆ, ಹಾಗಾಗಿ ನನಗೂ ಅದು ಬಹಳ ಇಷ್ಟ. ಮೊನ್ನೆ ಆಗಸ್ಟಿನಲ್ಲಿ ಪತ್ತಿರ್ ಬಂದದ್ದು ಒಂದು ಒಣಹುಲ್ಲಿನ ಬುಟ್ಟಿಯಲ್ಲಿ. ಕೆಂಪು, ಹಸಿರು ಪಟ್ಟಿ ಹಾಕಿ ಹೆಣೆದ ಮುದ್ದಾದ ಬುಟ್ಟಿ. "ಇದು ನನ್ನ ಉಮ್ಮ ಹೆಣೆದದ್ದು ವೀಣಾ. ಶುಕ್ರವಾರ ರುವೈಸಿಗೆ ಮಗಳ ಮನೆಗೆ ತಕೊಂಡು ಹೋಗ್ಲಿಕ್ಕುಂಟು, ಅವಳ ಪಾಪುವಿನ ಬಟ್ಟೆ ಇಡ್ಲಿಕ್ಕೆ. ಬುಟ್ಟಿ ಚಂಡಿ ಮಾಡ್ಬೇಡ ಆಯ್ತಾ?" ಎಂದರು.

ನಮ್ಮ ಕಡೆ ಚಂಡಿ ಅಂದರೆ ಹಟ. ಅಂಗಡಿ ಮುಂದೆ ಮಕ್ಕಳು ಬಿದ್ದು ಹೊರಳಾಡುತ್ತವಲ್ಲ, ಅದು ಚಂಡಿ ಹಿಡಿಯುವುದು. ಪಾಪ, ಪಾತ್ರೆ ಖಾಲಿ ವಾಪಸ್ ಕೊಡಲಾರದ ನನ್ನ ಹಟ ಗೊತ್ತಿದ್ದೇ ಹೇಳುತ್ತಿದ್ದಾರೆ ಅಂದುಕೊಂಡೆ. "ಇಲ್ಲ ಅಕ್ಕ, ಈ ಸಲ ಖಂಡಿತ ಚಂಡಿ ಮಾಡಲ್ಲ" ಎಂದು ಮಾತು ಕೊಟ್ಟು ಬಾಗಿಲು ಹಾಕಿಕೊಂಡೆ.

ಊಟಕ್ಕೆ ಕೂತಾಗ ಯಜಮಾನರು ಬುಟ್ಟಿಯ ಮೇಲೆ ಒಂದು ಸೌಟು ಸಾಗು ಚೆಲ್ಲಿದರು. ಸುಮ್ಮನಿರಲು ನನ್ನಿಂದ ಸಾಧ್ಯವೇ? ಟಬ್ಬಿನಲ್ಲಿ ಬಿಸಿನೀರು ತುಂಬಿ, ಪಾತ್ರೆ ಸೋಪು ಸುರಿದು, ಬುಟ್ಟಿಯನ್ನು ಮುಳುಗಿಸಿ, ಬ್ರಷ್ ಹಿಡಿದು ಗಸಗಸ ಉಜ್ಜಿದೆ. ಸಾಗು ಹೋಯಿತು, ಅದರ ಹಿಂದೆಯೇ ಕೆಂಪು ಹೋಯಿತು, ಹಸಿರೂ ಹೊರಟಿತು. ಇನ್ನು ಒಣಗಿಸಬೇಕಲ್ಲ. ಬಾಲ್ಕನಿಯಲ್ಲಿ ಏನನ್ನೂ ಒಣಹಾಕಬಾರದೆಂದು ನಮ್ಮ ಕಟ್ಟಡದ ಕಟ್ಟಪ್ಪಣೆ. ನಾನು ಸಂಡಿಗೆ ಒಣಗಿಸುವುದೇ ಬಿಸಿಲಲ್ಲಿ ನಿಂತ ನಮ್ಮ ಕಾರಿನೊಳಗೆ, ಗಾಜು ಏರಿಸಿ. ಯಜಮಾನರು ಆಫೀಸಿಗೆ ಹೋದರೆ ಅವರ ಹಿಂದಿನ ಸೀಟಿನಲ್ಲಿ ನನ್ನ ಸಂಡಿಗೆಯೂ ಹೋಗುತ್ತದೆ. ಮರುದಿನ ಬುಟ್ಟಿಯೂ ಹೋಯಿತು. ಸಂಜೆ ಬಂದಾಗ ಅದರ ಒಂದು ಮಗ್ಗುಲು ಒಳಗೆ ಕುಸಿದು, ಇನ್ನೊಂದು ಸೆಟೆದು ನಿಂತಿತ್ತು. ನನ್ನ ಮಗಳು ನೋಡಿ, "ವಾವ್ ಅಮ್ಮಾ, ನೈಸ್ ಹ್ಯಾಟ್!" ಎಂದು ತಲೆಗೆ ಹಾಕಿಕೊಳ್ಳಲು ಬಂದಳು. ನಾನು ಬುಟ್ಟಿಯನ್ನು ಕಸಿದುಕೊಂಡೆ.

ಮುಚ್ಚಿಡುವ ಹಾಗಿರಲಿಲ್ಲ, ಶುಕ್ರವಾರ ಹತ್ತಿರವಿತ್ತು. ಬುಟ್ಟಿಯನ್ನು ಸೆರಗಿನಡಿ ಹಿಡಿದು ಬೆಲ್ ಒತ್ತಿದೆ.

"ಯಾ ಅಲ್ಲಾ! ಎಂತ ವೀಣಾ ಇದು? ಚಂಡಿ ಮಾಡ್ಬೇಡ ಅಂತ ಹೇಳಿದ್ದಲ್ವಾ ನಾನು?"

"ನಾನೆಲ್ಲಿ ಚಂಡಿ ಮಾಡಿದೆ ಅಕ್ಕ? ಬರೀ ತೊಳೆದೆ ಅಷ್ಟೆ!"

"ತೊಳೆದದ್ದೇ ಚಂಡಿ ಅಲ್ವಾ ಮಾರಾಯ್ತಿ! ಚಂಡಿ ಅಂದ್ರೆ ಒದ್ದೆ!"

ನಮ್ಮ ಕಡೆಯ ಅರ್ಥ ಹೇಳಿದರೆ ನಗುತ್ತಾರೇನೋ ಎಂದು ಹೇಳಿದೆ, ಅವರು ನಗಲಿಲ್ಲ. ಬುಟ್ಟಿಯ ಅಂಚನ್ನು ಸವರುತ್ತಾ, "ಉಮ್ಮನಿಗೆ ಈಗ ಕೈ ನಡುಗ್ತದೆ. ಇನ್ನೊಂದು ಹೆಣೀಲಿಕ್ಕೆ ಆಗುದಿಲ್ಲ" ಎಂದರು. ನನಗೆ ಎಷ್ಟು ಸಂಕಟವಾಯಿತೆಂದರೆ ಬಾಗಿಲಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಅದನ್ನು ಕಂಡು ಅವರಿಗೇ ಗಾಬರಿ. "ಅಯ್ಯೋ, ಖಲಾಸ್, ಖಲಾಸ್, ಅಳ್ಬೇಡ. ಒಳಗೆ ಬಾ. ಸೊಟ್ಟ ಆದದ್ದು ಸರಿ ಆಗ್ಬೇಕಾದ್ರೆ ಈಗ ಸ್ವಲ್ಪ ಚಂಡಿ ಮಾಡ್ಲೇಬೇಕು" ಎಂದವರು ತಮ್ಮ ಮಾತಿಗೆ ತಾವೇ ನಕ್ಕುಬಿಟ್ಟರು. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಇಬ್ಬರೂ ಸೇರಿ ಬುಟ್ಟಿಯನ್ನು ಹದವಾಗಿ ನೆನೆಸಿದೆವು. ಮೆತ್ತಗಾದ ಮೇಲೆ ಒಳಗೆ ಇಡ್ಲಿ ಪಾತ್ರೆ ಕೂರಿಸಿ, ಸುತ್ತ ದುಪಟ್ಟಾ ಬಿಗಿದು, ಫ್ಯಾನಿನ ಕೆಳಗಿಟ್ಟೆವು. ಶುಕ್ರವಾರದ ಹೊತ್ತಿಗೆ ಬುಟ್ಟಿ ಮತ್ತೆ ಬುಟ್ಟಿಯಾಗಿತ್ತು. ಬಣ್ಣ ಮಾತ್ರ ಬರಲಿಲ್ಲ. "ಪಾಪುವಿಗೆ ಬಣ್ಣ ಎಂತ ಗೊತ್ತಾಗ್ತದೆ?" ಎಂದು ಮೈಮುನಕ್ಕ ಅದನ್ನು ಎದೆಗವಚಿಕೊಂಡು ರುವೈಸಿನ ಕಾರು ಹತ್ತಿದರು.

ಅವರು ವಾಪಸ್ ಬಂದ ಮಾರನೇ ದಿನವೇ ಮತ್ತೆ ಪತ್ತಿರ್ ಬಂತು. ನನಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಈ ಸಲ ಹೋಟೆಲಿನವರು ಪಾರ್ಸೆಲ್ ಕಟ್ಟುವ ತೆಳು ಪ್ಲಾಸ್ಟಿಕ್ ಡಬ್ಬಿ. "ತಿಂದು ಬಿಸಾಡು ಆಯ್ತಾ, ವಾಪಸ್ ಎಲ್ಲ ಬೇಡ" ಎಂದು ತುಂಬಾ ಪ್ರೀತಿಯಿಂದಲೇ ಹೇಳಿದರು. ಪ್ರೀತಿಯೇನೋ ಉಳಿಯಿತು, ನಂಬಿಕೆ ಹೋಯಿತು ನೋಡಿ! ನನಗೆ ಅವಮಾನ ತಡೆಯಲಾಗಲಿಲ್ಲ. ಈ ಡಬ್ಬಿಯನ್ನಾದರೂ ಫಳಫಳ ಹೊಳೆಯಿಸಿ, ಒಳಗೆ ಮೈಸೂರುಪಾಕು ತುಂಬಿ ಕೊಟ್ಟು ನಾನು ಎಂಥವಳೆಂದು ತೋರಿಸಿಕೊಡುತ್ತೇನೆ ಎಂದು ಸಿಂಕಿನಲ್ಲಿಟ್ಟು ಕೊತಕೊತ ಕುದಿಯುವ ನೀರು ಹೊಯ್ದೆ. ಮೈಸೂರುಪಾಕು ತಯಾರಿದೆ. ಡಬ್ಬಿಗೆ ಮಾತ್ರ ಈಗ ಮುಚ್ಚಳ ಕೂರುತ್ತಿಲ್ಲ.