ಮೂರು ತಿಂಗಳ ಪುಡಿ

ಜ್ವರ ಬಂದರೆ ಔಷಧಿ ಹೇಳುವವರು ಇಬ್ಬರೋ ಮೂವರೋ. ಮುಟ್ಟು ನಿಂತರೆ ಇಡೀ ಓಣಿಯೇ ವೈದ್ಯರಾಗುತ್ತದೆ. ನಾನು ಇಳಕಲ್ಲಿನ ಸೊಸೆ, ಹುನಗುಂದದ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಇಂಥ ಪ್ರಸಂಗಗಳು ನನ್ನ ಮನೆ ಕೇಳಿಕೊಂಡೇ ಬರುತ್ತವೆ.

ಬಾಗಲಕೋಟೆಯ ಡಾಕ್ಟರು ಸ್ಕ್ಯಾನ್ ನೋಡಿ, ನನಗೆ ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಇದೆ, ಇನ್ಸುಲಿನ್ ಹೇಳಿದ ಮಾತನ್ನು ಮೈ ಕೇಳುತ್ತಿಲ್ಲ ಎಂದರು. ಗಂಟೆ ಹೊಡೆದರೂ ಒಳಗೆ ಬಾರದ ನನ್ನ ಹತ್ತನೇ ಕ್ಲಾಸು ನೆನಪಾಗಿ ತಕ್ಷಣ ಅರ್ಥವಾಯಿತು. ಚೀಟಿ ಇಲ್ಲದೆ ಸಿಗುವ ಇನೋಸಿಟಾಲ್ ಪುಡಿಯ ಬಗ್ಗೆ ಕೇಳಿದೆ.

"ಕೆಲವರಿಗೆ ಅನುಕೂಲ ಆಗತೈತಿ, ಕೆಲವರಿಗೆ ಇಲ್ಲ. ಮೂರು ತಿಂಗಳು ತಗೊಂಡು ನೋಡ್ರಿ, ದಿನಾ ನಡೀರಿ. ಅಷ್ಟರಾಗ ಮುಟ್ಟ ಆಗಲಿಲ್ಲಂದ್ರ ಗುಳಿಗಿ ಶುರು ಮಾಡೋಣು."

ಆಗಲೇ ಮೂರು ತಿಂಗಳು ಮುಟ್ಟಾಗಿರಲಿಲ್ಲ. ಗುಳಿಗೆಗಿಂತ ಮೊದಲು ಮೈ ತಾನಾಗಿ ದಾರಿಗೆ ಬರಬೇಕು ಎಂಬ ಹಟ ನನಗೆ. ದಾರಿಗೆ ತರುವುದೇ ನನ್ನ ಕಸುಬು, ಅದಕ್ಕೇನು ಅಂಜಿಕೆ?

ಕರಿ ಚೀಲ

ಔಷಧಿ ಅಂಗಡಿಯಲ್ಲಿ ಪುಡಿಯ ಹೆಸರು ಹೇಳಿದೆ. ಅಂಗಡಿಯವರು ಎದಕ್ಕೆ ಅಂದರು. ನಾನೂ ಮುಚ್ಚುಮರೆ ಇಲ್ಲದೆ ಹೇಳಿದೆ. ಪಾಪ, ಅವರೇ ನಾಚಿಕೊಂಡು ಆಚೀಚೆ ನೋಡಿ, ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ, ಕರಿ ಚೀಲಕ್ಕೆ ಹಾಕಿ, ಬಾಯಿಗೆ ಗಂಟು ಹಾಕಿದರು.

"ಮೂರು ತಿಂಗಳಿಗೆ ಮೂರು ಡಬ್ಬಿ ಬೇಕ್ರಿ," ಅಂದೆ.

ಅವರು ಅಟ್ಟದ ಮೇಲಿದ್ದ ತಮ್ಮನಿಗೆ ಮುಖ ಎತ್ತಿ ಕೂಗಿದರು: "ಲೇ, ಟೀಚರಗ ಮುಟ್ಟ ನಿಂತೈತಂತ! ಪುಡಿ ಇನ್ನೆರಡು ಡಬ್ಬಿ ಒಗಿ!"

ಬಜಾರಿನಲ್ಲಿ ಸೀರೆ ಆರಿಸುತ್ತಿದ್ದವರೂ ತಿರುಗಿ ನೋಡಿದರು. ನಾನು ಗಂಟು ಬಿಚ್ಚಿ ಕರಿ ಚೀಲವನ್ನು ಅವರಿಗೇ ವಾಪಸ್ ಕೊಟ್ಟೆ. "ಇರಲಿ ಬಿಡ್ರಿ, ಇದು ಇನ್ನ ಎದಕ್ಕ ಬೇಕು?"

ಕಾಕಾನ ಚಹಾ

ಡಾಕ್ಟರು ಸಕ್ಕರೆ ಬಿಡಿ ಎಂದದ್ದು ನನಗೆ. ಅತ್ತೆ ಮನೆಯವರೆಲ್ಲರಿಂದಲೂ ಬಿಡಿಸಿದರು. ಸಕ್ಕರೆ, ಬೆಲ್ಲದ ಡಬ್ಬಿಗಳು ನನ್ನ ಗಂಡನ ಕೈಯಿಂದ ಅಟ್ಟ ಸೇರಿದವು.

ಒಂದು ದಿನ ಶಾಲೆಯಿಂದ ಬಂದಾಗ ಮಾವನವರ ತಮ್ಮ, ಕಲಾದಗಿಯ ಕಾಕಾ, ಚಹಾವನ್ನು ಬಸಿಗೆ ಸುರಿದು ಹೀರುತ್ತ ಕೂತಿದ್ದರು. ಒಲೆಯ ಪಕ್ಕ ನನ್ನ ಪುಡಿ ಡಬ್ಬಿ ಬಾಯಿ ತೆರೆದಿತ್ತು.

"ಅತ್ತೀ, ಇದೇನ್ರಿ?"

"ಅಟ್ಟ ಏರಾಕ ಮೊಣಕಾಲು ಒಲ್ಲೆ ಅಂದುವು. ನಿನ್ನ ಪುಡಿ ಸ್ವಲ್ಪ ಸಿಹಿ ಐತಿ ಅಂದಿದ್ದಿ. ನಾಕು ಚಮಚ ಹಾಕಿದೆ."

ಅದು ಎದರ ಪುಡಿ ಎಂದು ಕಾಕಾ ಕೇಳಿದರು. ಇದ್ದದ್ದು ಇದ್ದಂಗೆ ಹೇಳಿದೆ. ಕಾಕಾ ಬಸಿ ಕೆಳಗಿಟ್ಟು ಮೀಸೆ ಒರೆಸಿಕೊಂಡರು. "ವೈನಿ, ನನಗ ಏನರ ಆದ್ರ?"

ಅತ್ತೆ ಬಸಿಗೆ ಇನ್ನಷ್ಟು ಚಹಾ ಸುರಿದರು. "ನಾಕು ತಿಂಗಳಾತು, ನಮ್ಮ ಸೊಸಿಗೇ ಏನೂ ಆಗವಲ್ದು. ನಿಮಗೇನ್ ಆಗತೈತಿ, ಕುಡೀರಿ."

ಬುತ್ತಿ

ನಮ್ಮ ಮನೆಯಲ್ಲಿ ತುಳಸಿಕಟ್ಟೆಗೆ ದೀಪ ಹಚ್ಚುವವಳು ನಾನು. ಮುಟ್ಟಾದ ದಿನಗಳಲ್ಲಿ ಅತ್ತೆ ಹಚ್ಚುತ್ತಾರೆ. ಕ್ಯಾಲೆಂಡರ್ ನೋಡದಿದ್ದರೂ ಎದುರುಮನೆ ಕಟ್ಟೆಯ ಹೆಂಗಸರಿಗೆ ಯಾವ ತಿಂಗಳು ಯಾರು ಹಚ್ಚಿದರು ಎಂಬುದು ಬಾಯಿಪಾಠ. ಆರು ತಿಂಗಳು ಬಿಡದೆ ನಾನೇ ಹಚ್ಚಿದ್ದೆ. ಬಾಗಲಕೋಟೆ ದವಾಖಾನೆ, ಮುಂಜಾನೆ ಪುಡಿ, ಸಂಜೆ ನಡಿಗೆ ಎಲ್ಲವನ್ನೂ ಅವರು ಕೂಡಿಸಿದರು. ತುಸು ಮುಂದೆ ಬಂದಿದ್ದ ನನ್ನ ಹೊಟ್ಟೆಯೂ ಅವರ ಲೆಕ್ಕಕ್ಕೆ ಸಹಕಾರ ಕೊಟ್ಟಿತ್ತು.

ಡಾಕ್ಟರ ಗಡುವಿಗೆ ಒಂಬತ್ತು ದಿನ ಉಳಿದಿತ್ತು. ಹೊರಗೆ ಎಷ್ಟೇ ಧೈರ್ಯ ತೋರಿಸಿದರೂ ದಿನಾ ಮುಂಜಾನೆ ಬೆರಳು ಮಡಿಸಿ ದಿನ ಎಣಿಸುತ್ತಿದ್ದೆ. ಆ ಭಾನುವಾರ ಮುಂಜಾನೆ ಮುಟ್ಟಾದೆ. ಪುಡಿಯಿಂದಲೋ ನಡಿಗೆಯಿಂದಲೋ ಗೊತ್ತಿಲ್ಲ. ಬಚ್ಚಲಿನಲ್ಲೇ ಕಣ್ಣಲ್ಲಿ ನೀರು ಬಂತು. ಅತ್ತೆಗೆ ಹೇಳಿದೆ. ಅವರು ದೇವರಿಗೆ ಕೈ ಮುಗಿದು, ತಾವೇ ತುಳಸಿಗೆ ದೀಪ ಹಚ್ಚಲು ಹೊರಟರು.

ಬಾಗಿಲು ತೆಗೆದರೆ ಓಣಿಯ ನಾಲ್ವರು ಹೆಂಗಸರು! ಬಸುರಿಗೆ ಒಯ್ಯುವ ಬುತ್ತಿ ತಂದಿದ್ದರು: ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೇಲೆ ಹಸಿರು ಬಳೆ.

ಹಿರಿಯಾಕೆ ಕೇಳಿದಳು: "ಎಲ್ಲಿ ನಿಮ್ಮ ಸೊಸಿ? ಇಂಥಾ ಸುದ್ದಿ ಮುಚ್ಚಿಡ್ತಾರೇನ್ ಯವ್ವಾ?"

ಅತ್ತೆಯ ಮುಖ ಅರಳಿತು. "ಅಯ್ಯ, ನಿಮಗೂ ಗೊತ್ತಾತ? ಈಗರ ಮುಟ್ಟ ಆದ್ಲು ನೋಡ್ರಿ!"

ಹಿರಿಯಾಕೆ ಬುತ್ತಿಯನ್ನೊಮ್ಮೆ ಅತ್ತೆಯನ್ನೊಮ್ಮೆ ನೋಡಿದಳು. "ಸೊಸಿ ಮುಟ್ಟಾದ್ಲಂತ ಇಷ್ಟ ಹಿಗ್ಗೂ ಅತ್ತಿನ್ನ ನಾ ಹುಟ್ಟಿದಾಗಿಂದ ನೋಡಿಲ್ಲ."

ಅತ್ತೆ ಅವಳ ಕೈಯಿಂದ ಬುತ್ತಿ ಇಸಿದುಕೊಂಡು ಒಳಗೆ ನಡೆದರು. "ಮುಂದಿನ ತಿಂಗಳೂ ಇದ ತಾರೀಖಿಗೆ ತಗೊಂಡು ಬರ್ರಿ. ತಿಂಗಳಾ ತಿಂಗಳಾ ಆಗಬೇಕಂತ ಡಾಕ್ಟರ ಹೇಳ್ಯಾರ."